ಓದುವವಳ ಕುರ್ಚಿ

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮೂರನೇ ಮಹಡಿಯ ನಮ್ಮ ಕಿಟಕಿಯಿಂದ ಕೆಳಗೆ ನೋಡಿದರೆ ಔಷಧಿ ಅಂಗಡಿಯವರು ಷಟರನ್ನು ಅರ್ಧ ಎಳೆದುಕೊಂಡು ಮೊಬೈಲಿನ ಬೆಳಕಿನಲ್ಲಿ ಕೂತಿದ್ದು ಕಾಣುತ್ತಿತ್ತು. ಅವರ ಮುಂದೆ ರಸ್ತೆ ಇರಬೇಕಾದ ಜಾಗದಲ್ಲಿ ಬರೀ ನೀರು. ಮನೆಯಲ್ಲಿ ಚಾರ್ಜ್ ಉಳಿದಿದ್ದ ದೀಪ ಒಂದೇ, ಅದು ಇದ್ದದ್ದು ಚಿಕ್ಕಜ್ಜಿಯ ಕೋಣೆಯಲ್ಲಿ. ಹಾಗಾಗಿ ಅಮ್ಮ, ಚಿಕ್ಕಪ್ಪ, ಪಟಾಕಿ ಎಂದು ನಾವು ಕರೆಯುವ ಅವನ ಮಗಳು, ಕೊನೆಗೆ ನಾನು, ಒಬ್ಬೊಬ್ಬರಾಗಿ ಅಲ್ಲಿಗೇ ಹೋಗಿ ಸೇರಿಕೊಂಡೆವು.

ಚಿಕ್ಕಜ್ಜಿ ಎಂದರೆ ನನ್ನ ಅಜ್ಜಿಯ ತಂಗಿ. ಆ ಕೋಣೆಯಲ್ಲಿ ಎರಡು ಮಂಚಗಳಿವೆ. ಅಜ್ಜಿ ಹೋಗಿ ಒಂಬತ್ತು ತಿಂಗಳಾಯಿತು. ಅವರ ಮಂಚದ ಮೇಲೆ ಈಗ ಒಗೆದ ಬಟ್ಟೆ ಮಡಚಿಡುತ್ತೇವೆ. ಅದರ ಮೇಲೆ ಕೂರಬಾರದೆಂದು ಯಾರೂ ಹೇಳಿಲ್ಲ, ಆದರೂ ಯಾರೂ ಕೂರುವುದಿಲ್ಲ.

ಕಣ್ಣಿನ ಆಪರೇಷನ್ ಆದಮೇಲೆ ಚಿಕ್ಕಜ್ಜಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೀಯಲ್ಲ, ಇದನ್ನಾದರೂ ಮಾಡು ಎಂದು ಅಮ್ಮ ಹಚ್ಚಿದ್ದು. ನನಗೆ ಅದು ಇಷ್ಟವೇ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ನಾಲಿಗೆ ಒಣಗುತ್ತದೆ. ಓದುವಾಗ ಆ ಕಷ್ಟವಿಲ್ಲ, ಮಾತು ಬೇರೆಯವರದು, ಬಾಯಿ ಮಾತ್ರ ನನ್ನದು.

ಚಿಕ್ಕಜ್ಜಿಯದೊಂದು ಅಭ್ಯಾಸ ನಮ್ಮ ಮನೆಯ ಹಳೇ ತಮಾಷೆ. ರಾತ್ರಿ ಮಲಗಿ, ಹೊದಿಕೆ ಎಳೆದುಕೊಂಡ ಮೇಲೆ, ಬೆರಳ ಗೆಣ್ಣಿನಿಂದ ಮಂಚದ ಪಟ್ಟಿಗೆ ಒಂದೇ ಸಲ ಟಕ್ ಎಂದು ಬಡಿಯುತ್ತಾರೆ. ಬಡಿದು, ಪಕ್ಕದ ಕೋಣೆಗೂ ಕೇಳುವ ಹಾಗೆ "ಪೂರ್ಣವಿರಾಮ" ಎನ್ನುತ್ತಾರೆ. ಆಮೇಲೆ ಒಂದು ಮಾತೂ ಇಲ್ಲ. ಕೂಗಿದರೂ ಉತ್ತರ ಕೊಡುವುದಿಲ್ಲ.

ಅವತ್ತು ಪಟಾಕಿ ಅದನ್ನೇ ಹಿಡಿದುಕೊಂಡಳು. ಯಾಕೆ ಹಾಗನ್ನುತ್ತೀರಿ, ಇವತ್ತು ಹೇಳಲೇಬೇಕು, ಹೇಗೂ ಟೀವಿ ಇಲ್ಲ ಎಂದು. ಚಿಕ್ಕಪ್ಪನಿಗೆ ಇಂಥದ್ದು ಸಿಕ್ಕರೆ ಬಿಡುವ ಅಭ್ಯಾಸವಿಲ್ಲ. "ಯಾವುದೋ ವ್ಯಾಕರಣದ ಮೇಷ್ಟ್ರ ಮೇಲೆ ಮನಸ್ಸಿತ್ತು ಅಂತ ಕಾಣತ್ತೆ ನಮ್ಮ ಚಿಕ್ಕಮ್ಮಂಗೆ," ಎಂದ.

"ಮೇಷ್ಟ್ರು ಇದ್ದದ್ದು ನಿಜ ಕಣೋ," ಎಂದರು ಚಿಕ್ಕಜ್ಜಿ. "ಮನಸ್ಸಿದ್ದದ್ದು ನನಗಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಹತ್ತಿರ ಬಾ ಎಂದು ಕೈ ಮಾಡಿದರು. ಬಾಗಿಲ ಹತ್ತಿರ ನಿಂತಿದ್ದವಳು ಹೋಗಿ ಮಂಚದ ಕಾಲಿನ ಬಳಿ ಕೂತೆ. ಅವರು ಹೇಳಿದ್ದನ್ನು ಅವರ ಬಾಯಿಂದ ಬಂದ ಹಾಗೇ ಇಲ್ಲಿ ಬರೆದಿಡುತ್ತಿದ್ದೇನೆ.

*

ನಿದ್ದೆ ಹೇಗೆ ಬರತ್ತೆ ಅಂತ ಯಾರಾದ್ರೂ ನೋಡಿದ್ದೀರಾ? ನೋಡಿರಲ್ಲ. ನೋಡೋಕೆ ಆ ಹೊತ್ತಿಗೆ ನಾವೇ ಇರಲ್ವಲ್ಲ... ಮಲಗ್ತೀವಿ. ಬಚ್ಚಲಲ್ಲಿ ನಲ್ಲಿ ನಿಲ್ಲಿಸಿದ್ನೋ ಇಲ್ವೋ ಅಂತ ಒಂದು ಯೋಚನೆ ಬರತ್ತೆ. ನಿಲ್ಲಿಸಿದೆ ಅಂತ ಯಾರೋ ಹೇಳ್ತಾರೆ. ಸರಿ ಹಾಗಾದ್ರೆ ಅಂತ ನಾವು ಮಗ್ಗುಲಾಗ್ತೀವಿ. ಅಷ್ಟೇ, ಬೆಳಗಾಗಿರತ್ತೆ. ಈಗ ಹೇಳಿ... ನಿಲ್ಲಿಸಿದೆ ಅಂತ ಹೇಳಿದ್ದು ಯಾರು?

(ನಲ್ಲಿ ರಿಪೇರಿಯವನು, ಎಂದ ಚಿಕ್ಕಪ್ಪ. ಪಟಾಕಿ ನಕ್ಕಳು. ಚಿಕ್ಕಜ್ಜಿ ನಗಲಿಲ್ಲ.)

ನಗಿ, ನಗಿ. ನನಗೆ ಆಗ ಇಪ್ಪತ್ತೆರಡು. ಅಕ್ಕನ ಮದುವೆ ಇನ್ನೂ ಆಗಿರಲಿಲ್ಲ, ನಾನೂ ಅವಳೂ ಒಂದೇ ಹಾಸಿಗೇಲಿ ಮಲಗ್ತಿದ್ವಿ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಗುಸುಗುಸು ಮಾತಾಡ್ತಾನೇ ಇರ್ತಿದ್ವಿ, ಮಾತಿನ ಮಧ್ಯ ಅವಳು ನನ್ನ ತೋಳು ಮುಟ್ಟಿ "ಇನ್ನೂ ಇದ್ದೀಯಾ?" ಅಂತ ಕೇಳೋಳು. ಮಲಗಿದ್ಯಾ ಅಂತಲ್ಲ... ಇನ್ನೂ ಇದ್ದೀಯಾ ಅಂತ. ನಾನು "ಇದ್ದೀನಿ" ಅಂದ್ರೆ ಮಾತು ಮುಂದುವರೀತಿತ್ತು, ಅನ್ನದಿದ್ರೆ ಅವಳೂ ಮಲಗೋಳು. ಅದು ನಮ್ಮಿಬ್ಬರದೇ ಮಾತು. ಹಗಲು ಹೊತ್ತಲ್ಲಿ ಅವಳು ಅದನ್ನ ಯಾವತ್ತೂ ಕೇಳಿದವಳಲ್ಲ, ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ. ಇದನ್ನ ನೆನಪಿಟ್ಕೊಳ್ಳಿ.

ಆ ವರ್ಷ ನಾನು ಒಂದು ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿದೆ. ನಿಮಗೆಲ್ಲ ಈಗ ಬೆರಳಾಡಿಸಿದ್ರೆ ಅಕ್ಷರ ಬಂದು ಕೂರತ್ತೆ. ಆಗ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಅದನ್ನ ಒಂದೊಂದಾಗಿ ಆರಿಸಿ ಸಾಲು ಕಟ್ಟಿ, ಮಸಿ ಬಳಿದು, ಮೊದಲು ಒಂದು ಹಾಳೆ ತೆಗೆದು ನೋಡ್ತಿದ್ರು, ಅದಕ್ಕೆ ಕರಡು ಅಂತಾರೆ. ಕರಡಲ್ಲಿ ತಪ್ಪು ಹಿಡಿಯೋಕೆ ಇಬ್ಬರು ಬೇಕು. ಒಬ್ಬರು ಬರೆದವರ ಕೈಬರಹ ಇಟ್ಕೊಂಡು ಗಟ್ಟಿಯಾಗಿ ಓದಬೇಕು, ಎದುರಿಗೆ ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು, ಕಿವಿಗೆ ಬಿದ್ದದ್ದು ಹಾಳೇಲಿ ಇಲ್ಲದಿದ್ರೆ ಅಂಚಲ್ಲಿ ಬರೆದು ಸೇರಿಸಬೇಕು. ನಾನು ಓದುವವಳು. ತಿದ್ದುವವರು ಸೊನ್ನೆ ಮೇಷ್ಟ್ರು. ಪಾಠ ಹೇಳೋ ಮೇಷ್ಟ್ರಲ್ಲ ಅವರು. ಯಾವ ಪುಟದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದ್ರೂ ಮೂಗಿಗೇ ವಾಸನೆ ಬಡಿದವರ ಹಾಗೆ ತಲೆ ಎತ್ತೋರು, ಅದಕ್ಕೆ ಆ ಹೆಸರು.

ಓದೋದಂದ್ರೆ ಕತೆ ಓದಿದ ಹಾಗಲ್ಲ. ರಾಗ ಇರಬಾರದು, ಅರ್ಥದ ಹಿಂದೆ ಹೋಗಬಾರದು, ಚುಕ್ಕೆ ಚಿಹ್ನೆ ಎಲ್ಲ ಬಾಯಲ್ಲಿ ಹೇಳಬೇಕು. "ವಾಲ್ವಿನ ಕೆಳಗಿರುವ ವಾಷರನ್ನು ಬಿಚ್ಚಿ ಅಲ್ಪವಿರಾಮ ಸೀಮೆಎಣ್ಣೆಯಲ್ಲಿ ತೊಳೆದು ಅಲ್ಪವಿರಾಮ ಒಣಗಿಸಬೇಕು ಪೂರ್ಣವಿರಾಮ"... ಹೀಗೆ. ಪೂರ್ಣವಿರಾಮ ಅಂದ ತಕ್ಷಣ ಮೇಷ್ಟ್ರು ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಟಕ್ ಅಂತ ಬಡಿಯೋರು. ಅಂದ್ರೆ ನೋಡಿಯಾಯ್ತು, ಮುಂದಕ್ಕೆ ಹೋಗು ಅಂತ. ದಿನಕ್ಕೆ ಸಾವಿರ ಟಕ್. ಮನೆಗೆ ಬಂದ್ರೂ ತಲೇಲಿ ಟಕ್ ಟಕ್ ಅಂತಿತ್ತು.

ಆ ವಾಷರಿನ ಸಾಲು ಹೇಳಿದ್ನಲ್ಲ, ಅದು ನೀರೆತ್ತೋ ಪಂಪು ರಿಪೇರಿ ಮಾಡೋ ಪುಸ್ತಕದ್ದು. ನಾನೂರು ಪುಟ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಎರಡು ಗಂಟೆಗೆ ಓದೋಕೆ ಕೂತ್ರೆ, ಪಕ್ಕದಲ್ಲಿ ಯಂತ್ರ ಜೋಗುಳ ಹಾಡಿದ ಹಾಗೆ ಒಂದೇ ಸಮ ತಿರುಗ್ತಿರೋದು, ಕಿಟಕಿಯಿಂದ ಬಿಸಿಲು ಕಾಲ ಮೇಲೆ ಬಿದ್ದಿರೋದು, ವಾಷರು, ವಾಲ್ವು, ಅಲ್ಪವಿರಾಮ, ಅಲ್ಪವಿರಾಮ... ಯಾರಿಗೆ ನಿದ್ದೆ ಬರಲ್ಲ ಹೇಳಿ? ನನ್ನ ಕುರ್ಚಿ ಬೇರೆ ಬೆತ್ತದ್ದು, ಅದಕ್ಕೆ ಯಾರೋ ಕೈಯಲ್ಲಿ ಹೊಲಿದ ದಿಂಬು. ತೂಕಡಿಕೆ ಬರೋದು. ಟಕ್ ಅಂದ ಕೂಡ್ಲೇ ಎಚ್ಚರಾಗೋದು. ಬಾಯಿ ಮಾತ್ರ ನಿಂತಿರ್ತಿರಲಿಲ್ಲ. ಕಣ್ಣು ಸಾಲಿನ ಮೇಲೇ ಇರೋದು, ದನಿ ಹೋಗ್ತಾನೇ ಇರೋದು. ಪರವಾಗಿಲ್ಲ, ಯಾರಿಗೂ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ದೆ.

ಒಂದು ದಿನ ಕನ್ನಡಿಯಣ್ಣ ಬಂದ. ಅವನು ಮೊಳೆ ಜೋಡಿಸೋನು. ಮೊಳೇಲಿ ಅಕ್ಷರ ಎಲ್ಲ ತಿರುಗಾಮುರುಗಾ ಇರತ್ತಲ್ಲ, ಅದನ್ನ ಓದೀ ಓದೀ ಅವನಿಗೆ ನೆಟ್ಟಗಿರೋ ಅಕ್ಷರ ಓದೋದೇ ಕಷ್ಟ ಅಂತ ಎಲ್ಲರೂ ಆಡ್ಕೊಳ್ಳೋರು. ತಿದ್ದಿದ ಕರಡು ಹಿಡ್ಕೊಂಡು ಬಂದು, ಮೇಷ್ಟ್ರಿಲ್ಲದ ಹೊತ್ತು ನೋಡಿ, ಮೆತ್ತಗೆ ಕೇಳ್ದ. "ಏನಮ್ಮ ಇದು, ಪಂಪಿನ ಪುಸ್ತಕದಲ್ಲಿ ಸಂಸಾರ?"

ನೋಡಿದೆ. ಅಂಚಿನಲ್ಲಿ ಮೇಷ್ಟ್ರ ಅಕ್ಷರ. ವಾಷರನ್ನು ತೊಳೆದು, ಬಟ್ಟೆಯಿಂದ ಒರೆಸಿ, ಅಂತ ಅಚ್ಚಾಗಿತ್ತು. ಅಲ್ಲಿ ಗುರುತು ಹಾಕಿ, ಬಿಟ್ಟುಹೋದ ಮಾತು ಅಂತ ಸೇರಿಸಿದ್ರು... "ಮಡಚಿ ಬೀರುವಿನ ಎರಡನೇ ಖಾನೆಯಲ್ಲಿಟ್ಟಿದ್ದೇನೆ, ಬಾಗಿಲ ಚಿಲಕ ಹಾಕಬೇಡಿ, ನಾನಿನ್ನೂ ಹೊರಗಿದ್ದೇನೆ,"

ಕೊನೇಲಿ ಪೂರ್ಣವಿರಾಮ ಇಲ್ಲ. ಅಲ್ಪವಿರಾಮ.

ಕೈಬರಹದಲ್ಲಿ ಹುಡುಕಿದೆ. ಆ ಮಾತು ಎಲ್ಲೂ ಇಲ್ಲ. ಅರ್ಥ ಆಯ್ತಲ್ಲ? ನಾನು ಓದಿದ್ದೀನಿ. ಇಲ್ಲದ್ದನ್ನ ಓದಿದ್ದೀನಿ. ಮೇಷ್ಟ್ರ ಕೈ ಇಪ್ಪತ್ತು ವರ್ಷದ ಅಭ್ಯಾಸದ ಕೈ, ಕಿವಿಗೆ ಬಿದ್ದದ್ದನ್ನ ಹಾಳೇಲಿ ಕಾಣದೆ ಸೇರಿಸಿಬಿಟ್ಟಿದೆ. ನನಗೆ ನಾಚಿಕೆ ಆಯ್ತೇ ಹೊರತು ಹೆದರಿಕೆ ಆಗಲಿಲ್ಲ. ನಿದ್ದೆಗಣ್ಣಲ್ಲಿ ಏನೋ ಬಡಬಡಿಸಿದ್ದೀನಿ, ಯಜಮಾನರಿಗೆ ಗೊತ್ತಾದ್ರೆ ಕೆಲಸ ಹೋಗತ್ತೆ ಅಂದೆ. ಕನ್ನಡಿಯಣ್ಣ ತಲೆ ಅಲ್ಲಾಡಿಸ್ದ. ನಾಲಕ್ಕು ದಿನದಿಂದ ಇಂಥ ಸಾಲು ಬರ್ತಾ ಇದೆ, ನಾನೇ ತೆಗೆದುಹಾಕ್ತಾ ಇದ್ದೀನಿ ಅಂದ. ಆಮೇಲೆ ಕುರ್ಚಿ ಕಡೆ ನೋಡಿ, ಅದು ಯಾರ ಕುರ್ಚಿ ಅಂತ ನಿನಗೆ ಯಾರೂ ಹೇಳಿಲ್ವಾ ಅಂತ ಕೇಳ್ದ.

ಅದು ಮೇಷ್ಟ್ರ ಹೆಂಡತಿ ಕೂರ್ತಿದ್ದ ಕುರ್ಚಿ. ಹತ್ತು ವರ್ಷ ಗಂಡನ ಎದುರಿಗೆ ಕೂತು ಓದಿದವರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸಾಲಿನ ಮಧ್ಯ ಅಲ್ಪವಿರಾಮ ಅಂದು ನಿಲ್ಲಿಸಿದ್ರಂತೆ. ಮೇಷ್ಟ್ರು ಪೆನ್ಸಿಲ್ ಎತ್ಕೊಂಡು ಮುಂದಿನ ಮಾತಿಗೆ ಕಾದ್ರು. ನೋಡಿದ್ರೆ ಕತ್ತು ವಾಲಿದೆ, ಕಣ್ಣು ಮುಚ್ಚಿದೆ. ಎಬ್ಬಿಸೋಕೆ ಒಂದು ಟಕ್ ಸಾಕಾಗಿತ್ತು. ಬೆಳಗ್ಗೆಯಿಂದ ದಣಿದಿದ್ದಾಳೆ, ಪಾಪ ನಿದ್ದೆ ಮಾಡ್ಲಿ ಅಂತ ಬಿಟ್ರು. ಕಾಲು ಗಂಟೆ ಬಿಟ್ರು... ಎದೆಬಡಿತ ನಿಂತುಹೋದವರ ಎದುರಿಗೆ, ಸದ್ದು ಮಾಡದ ಹಾಗೆ, ಹಾಳೆ ಕೂಡ ಮಗುಚದೆ, ಕಾಲು ಗಂಟೆ ಕೂತಿದ್ರು ಮನುಷ್ಯ.

ಆಗ ನನಗೆ ಒಂದು ಹೊಳೀತು ನೋಡಿ. ಆ ವಾರದಿಂದ ಟಕ್ ಅನ್ನೋದು ಕಮ್ಮಿಯಾಗಿತ್ತು. ಬೆಳಗ್ಗೆ ಹೊತ್ತು ಬಡಿಯೋರು. ಮಧ್ಯಾಹ್ನ ಬಡೀತಿರಲಿಲ್ಲ. ಕಿಟಕಿ ಪರದೆ ಅವರೇ ಎಳೆಯೋರು, ಕಣ್ಣಿಗೆ ಬಿಸಿಲು ಬೀಳತ್ತಮ್ಮ ಅಂತ. ಊಟ ಆದ್ಮೇಲೆ ಟೀ ಬೇಡ, ಉಷ್ಣ ಅಂತಿದ್ರು. ಬೇರೆ ಪುಸ್ತಕ ಇದ್ರೂ ಮಧ್ಯಾಹ್ನಕ್ಕೆ ಪಂಪಿಂದೇ ಇಡೋರು. ನಾನೂ, ಎಷ್ಟು ಒಳ್ಳೇ ಮನುಷ್ಯ, ಮಗಳ ಹಾಗೆ ನೋಡ್ಕೋತಾರೆ ಅಂತ ಅಕ್ಕನ ಹತ್ರ ಹೊಗಳಿದ್ದೆ.

ನಿಜ ಏನು ಅಂತ ನೋಡಲೇಬೇಕಲ್ಲ. ಮಾರನೇ ದಿನ ಕನ್ನಡಿಯಣ್ಣನಿಗೆ ಹೇಳಿದೆ, ನಮ್ಮ ಕೋಣೆಗೂ ನಿನ್ನ ಕೋಣೆಗೂ ಮಧ್ಯ ಇರೋದು ಹಲಗೆ ಗೋಡೆ, ಕಿವಿ ಕೊಟ್ಟು ಕೂತ್ಕೋ ಅಂತ. ನನಗೆ ಗೊತ್ತಿದ್ದ ಹಾಗೆ ಅವತ್ತು ನಾನು ಚೆನ್ನಾಗೇ ಓದಿದೆ. ಒಂದು ಕ್ಷಣ ಕೂಡ ತೂಕಡಿಸಿದ ನೆನಪಿಲ್ಲ. ನಾಲಕ್ಕು ಗಂಟೆಗೆ ಎದ್ದು ಹೋಗಿ ನೋಡಿದ್ರೆ ಅವನ ಮುಖ ಬಿಳಿಚಿಕೊಂಡಿತ್ತು.

"ನೀನು ಮೇಷ್ಟ್ರನ್ನ ರೀ ಅಂದೆ ಕಣಮ್ಮ," ಅಂದ.

ದನಿ ಬದಲಾಗಿರಲಿಲ್ಲವಂತೆ. ಅದೇ ರಾಗವಿಲ್ಲದ ಓದೋ ದನಿ. "ರೀ ಅಲ್ಪವಿರಾಮ ಕೇಳಿದ್ರಾ ಪ್ರಶ್ನಾರ್ಥಕ." ಮೇಷ್ಟ್ರು ಪಿಸುಮಾತಲ್ಲಿ, ಎಲ್ಲಿದ್ದೀಯಾ ಅಂದ್ರಂತೆ. ಬಾಗಿಲ ಹತ್ರಾನೇ ಇದ್ದೀನಿ, ಒಳಗಿಂದ ಚಿಲಕ ಬಿದ್ದಿದೆ ಅಂದೆನಂತೆ. ಇಷ್ಟು ದಿನ ಮಾತಷ್ಟೇ ಬರ್ತಿತ್ತು, ಅವತ್ತು ಇನ್ನೂ ಒಂದು ಬಂತು ಅಂದ. ಅದನ್ನ ಚೀಟೀಲಿ ಬರ್ಕೊಂಡಿದ್ದ, ನನ್ನ ಮುಂದಿಟ್ಟ. "ಈ ಹುಡುಗಿ ಆಚೆ ಬಂದರೆ ನಾನು ಒಳಗೆ ಬರಬಹುದು ಅಲ್ಪವಿರಾಮ ಅವಳು ಎಚ್ಚರಾಗದ ಹಾಗೆ ನೋಡಿಕೊಳ್ಳಿ ಅಲ್ಪವಿರಾಮ ನಾಳೆ ಮೇಜು ಬಡಿಯಬೇಡಿ ಅಲ್ಪವಿರಾಮ"...

ಮೇಷ್ಟ್ರು ಏನಂದ್ರು ಅಂತ ಕೇಳಿದೆ. ಏನೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ ಅಂದ.

ಅಂಥ ಮಾತು ಕೇಳಿದ್ಮೇಲೂ ಮತ್ತೆ ಯಾಕೆ ಹೋದೆ ಅಂತೀರಾ? ಮೇಷ್ಟ್ರ ಮುಖ ನೋಡಿ ಒಂದು ಮಾತು ಕೇಳಬೇಕಿತ್ತು. ಮಗಳ ಹಾಗೆ ನೋಡ್ಕೊಂಡಿದ್ದು ಇದಕ್ಕೇನಾ ಅಂತ. ಚಿಕ್ಕ ವಯಸ್ಸು, ಸಿಟ್ಟು ಮೂಗಿನ ತುದೀಲಿ. ಎರಡು ಲೋಟ ಟೀ ಕುಡಿದೆ. ಸೆರಗಿನ ಪಿನ್ನು ತೆಗೆದು ಎಡಗೈ ಮುಷ್ಟೀಲಿ ಇಟ್ಕೊಂಡೆ, ಕಣ್ಣು ಎಳೆದ್ರೆ ಚುಚ್ಚಿಕೊಳ್ಳೋಣ ಅಂತ. ಎರಡು ಗಂಟೆಗೆ ಕುರ್ಚೀಲಿ ಕೂತು ಒಂದು ಪುಟ ಓದಿದೆ, ಎರಡು ಪುಟ ಓದಿದೆ. ನಿದ್ದೆಯ ಸುಳಿವೇ ಇಲ್ಲ. ಹಾಳೆ ಕೆಳಗಿಟ್ಟು ಕೇಳಿಯೇಬಿಟ್ಟೆ. ಮೇಷ್ಟ್ರು ತಲೆ ತಗ್ಗಿಸಿ ತಪ್ಪಾಯ್ತಮ್ಮ, ಮನೆಗೆ ಹೋಗು ಅಂದ್ರು. ಎದ್ದೆ. ಚಪ್ಪಲಿ ಹಾಕ್ಕೊಂಡೆ. ಮೆಟ್ಟಿಲಿಳಿದು ಬೀದಿಗೆ ಬಂದ್ರೆ ಕಣ್ಣು ಕುಕ್ಕೋ ಬಿಸಿಲು, ಸೈಕಲ್ ಅಂಗಡಿ ಮುಂದೆ ಯಾರೋ ಚಕ್ರ ತಿರುಗಿಸಿ ನೋಡ್ತಿದ್ರು, ಆ ಚಕ್ರದ ಸದ್ದು ಕೂಡ ಇವತ್ತಿಗೂ ನೆನಪಿದೆ ನನಗೆ. ಎಂಥಾ ಹಗುರ ಆಯ್ತು ಮನಸ್ಸು... ಇನ್ನು ಆ ಕಡೆ ತಲೆ ಹಾಕಲ್ಲ ಅಂದ್ಕೊಂಡು ನಡೀತಾ ಇದ್ದೆ. ಎದುರಿಗೆ ಅಕ್ಕ ಬಂದ್ಲು. ಕೈಲಿ ಚೀಲ, ಪಕ್ಕದಲ್ಲಿ ಜನ ಓಡಾಡ್ತಿದ್ದಾರೆ. ಹತ್ರ ಬಂದು ನನ್ನ ತೋಳು ಮುಟ್ಟಿದ್ಲು.

"ಇನ್ನೂ ಇದ್ದೀಯಾ?" ಅಂದ್ಲು.

ನೆನಪಿಟ್ಕೊಳ್ಳಿ ಅಂದಿದ್ನಲ್ಲ. ಹಗಲು ಹೊತ್ತಲ್ಲಿ ಅಕ್ಕ ಆ ಮಾತು ಕೇಳಲ್ಲ. ಅವಳು ಕೇಳ್ತಿದ್ದಾಳೆ ಅಂದ್ರೆ... ನಾನು ಮಲಗಿದ್ದೀನಿ.

ಬೀದಿ ಇರಲಿಲ್ಲ ಆಮೇಲೆ. ಬಿಸಿಲೂ ಇರಲಿಲ್ಲ. ಒಂದು ಬಾಗಿಲು, ಅಷ್ಟೇ. ಹಳೇ ಮರದ ಬಾಗಿಲು, ಈಚೆ ಕಡೆ ಹಿಡಿಯೋಕೆ ಚಿಲಕ ಇಲ್ಲ, ಏನೂ ಇಲ್ಲ. ಆ ಕಡೆಯಿಂದ ಒಂದು ದನಿ ಬರ್ತಿತ್ತು. ನನ್ನದೇ ದನಿ, ಮಕ್ಕಳಾ. ನಾನು ಈಚೆ ನಿಂತಿದ್ದೀನಿ, ಆಚೆ ನನ್ನ ದನಿ ಪಂಪಿನ ಪುಸ್ತಕ ಓದ್ತಾ ಇದೆ. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ, ನನಗಿಂತ ಚೆನ್ನಾಗಿ. ಹತ್ತು ವರ್ಷ ಓದಿ ಪಳಗಿದವರು ಓದೋ ಹಾಗೆ. ಪಿನ್ನು ನೆನಪಾಗಿ ಮುಷ್ಟಿ ಬಿಗಿ ಮಾಡಿದೆ. ಏನೂ ನೋಯಲಿಲ್ಲ. ನೋಯೋ ಕೈ ಬಾಗಿಲಿಂದ ಆಚೆ ಇತ್ತಲ್ಲ... ಕೂಗಿದೆ. ಗಂಟಲಿಂದ ಬಂದಿದ್ದು ಏನು ಗೊತ್ತಾ? ಚಿಲಕ ತೆಗೀರಿ, ನಾನಿನ್ನೂ ಹೊರಗಿದ್ದೀನಿ ಅಂತ. ಅದೇ ಮಾತು. ಹೊರಗೆ ನಿಂತವರಿಗೆ ಬೇರೆ ಮಾತೇ ಬರಲ್ಲ ಅಂತ ಅವತ್ತು ತಿಳೀತು. ಎರಡೂ ಕೈಯಲ್ಲಿ ಬಾಗಿಲು ಬಡಿದೆ. ಬಡಿದೆ. ಎಷ್ಟು ಹೊತ್ತು ಅಂತ ಹೇಳಲಿ?

ಆಮೇಲೆ ಎಲ್ಲೋ ದೂರದಲ್ಲಿ, ಗಂಡಸಿನ ದನಿ, ಅಳು ನುಂಗಿಕೊಂಡು, "ಪೂರ್ಣವಿರಾಮ" ಅಂತು.

ಟಕ್.

ಕಣ್ಣು ಬಿಟ್ರೆ ಕುರ್ಚೀಲಿ ಕೂತಿದ್ದೀನಿ. ಮುಷ್ಟೀಲಿ ಪಿನ್ನು ಪೂರ್ತಿ ಒಳಗೆ ಹೋಗಿ ರಕ್ತ ಹಾಳೆ ಮೇಲೆ ಬಿದ್ದಿದೆ. ಗಡಿಯಾರದಲ್ಲಿ ಐದೂವರೆ. ಎದುರಿಗೆ ಮೇಷ್ಟ್ರು, ಕೈಯಲ್ಲಿ ಪೆನ್ಸಿಲು ಎರಡು ತುಂಡಾಗಿದೆ. ಮೇಷ್ಟ್ರು ಹೇಳಿದ್ದಿಷ್ಟು... ಬಾಯಿ ಓದ್ತಾನೇ ಇತ್ತಮ್ಮ, ನಗ್ತಾ ಇತ್ತು, ಅವಳ ನಗೂನೇ. ಆದ್ರೆ ನಿನ್ನ ಬಲಗೈ ಮೇಜಿನ ಅಂಚನ್ನ ಬಡೀತಾ ಇತ್ತು, ಬಾಗಿಲು ಬಡಿದ ಹಾಗೆ. ಅವಳನ್ನ ಒಂದು ಸಲ ಮಲಗೋಕೆ ಬಿಟ್ಟು ಕಳ್ಕೊಂಡೆ. ಇನ್ನೊಬ್ಬರ ಮಗಳನ್ನ ಹಾಗೆ ಬಿಡೋಕೆ ಆಗಲಿಲ್ಲ.

ಮಾರನೇ ದಿನ ಅವರು ಬರಲಿಲ್ಲ. ಮುಂದೆಂದೂ ಬರಲಿಲ್ಲ. ಮೂರು ತಿಂಗಳಿಗೆ ತೀರಿಕೊಂಡ್ರು ಅಂತ ಸುದ್ದಿ ಬಂತು, ಮನೆ ಬಾಗಿಲು ಪೂರಾ ತೆಗೆದೇ ಇಟ್ಟು ಮಲಗಿದ್ರಂತೆ. ನಾನು ಕೆಲಸ ಬಿಟ್ಟೆ. ಅವತ್ತಿಂದ ಇವತ್ತಿನವರೆಗೆ ನನ್ನ ದಿನದ ಮಾತು ಮುಗಿಸದೆ ನಾನು ಮಲಗಿಲ್ಲ. ನಾವು ಅರ್ಧಕ್ಕೆ ಬಿಟ್ಟ ಸಾಲು ಇರತ್ತಲ್ಲ... ಅದನ್ನ ಮುಂದುವರಿಸೋಕೆ ಕಾದಿರೋರು ಇರ್ತಾರೆ.

*

ಅಷ್ಟರಲ್ಲಿ ಕರೆಂಟು ಬಂತು, ಫ್ಯಾನು ತಿರುಗಿತು, ಪಟಾಕಿ ಬೆಚ್ಚಿ ಚಿಕ್ಕಪ್ಪನ ತೋಳು ಹಿಡಿದಳು, ಎಲ್ಲರೂ ಅವಳನ್ನು ಆಡಿಕೊಂಡು ನಕ್ಕು ಎದ್ದರು. ಅಮ್ಮ ಅಡುಗೆಮನೆಗೆ ಹೋದಳು. ನಾನೂ ಏಳಹೋದೆ. ಚಿಕ್ಕಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಿನ್ನೆ ನೀನು ಪೇಪರ್ ಓದ್ತಾ ನಿದ್ದೆ ಹೋದೆ, ಗೊತ್ತಾ?"

ಇಲ್ಲವಲ್ಲ ಎಂದೆ. ನನಗೆ ಸರಿಯಾಗಿ ನೆನಪಿತ್ತು. ರಸ್ತೆ ಅಗೆಯುವ ಸುದ್ದಿ ಓದಿದ್ದೆ, ಕೆಲಸ ಮುಗಿಯುವವರೆಗೆ ವಾಹನಗಳು ಬೇರೆ ದಾರಿ ಹಿಡಿಯಬೇಕು ಎಂದಿತ್ತು. ಅದು ಮುಗಿದ ಮೇಲೆ ಹವಾಮಾನ ಓದಿದೆ. ಪೇಪರ್ ಮಡಚಿ ಟೀಪಾಯಿಯ ಕೆಳಗಿಟ್ಟೆ. ಆಮೇಲೆ ಅಮ್ಮ ಟೀ ತಂದು ಲೋಟವನ್ನು ಟಕ್ ಎಂದು ಇಟ್ಟಳು.

"ಲೋಟ ಇಟ್ಟಾಗ ಪೇಪರ್ ನಿನ್ನ ಕೈಯಲ್ಲೇ ಬಿಚ್ಚಿಕೊಂಡಿತ್ತು," ಎಂದರು ಚಿಕ್ಕಜ್ಜಿ. "ಬೇರೆ ದಾರಿ ಹಿಡೀಬೇಕು ಅಂತ ನೀನು ಓದಿದೆ. ಅದೇ ದನೀಲಿ, ನಿಲ್ಲಿಸದೆ, ಇನ್ನೂ ಇದ್ದೀಯಾ ಅಂದೆ."

ಆ ಮಾತು ಈ ಮನೆಯಲ್ಲಿ ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಕಣ್ಣು ತಾನಾಗಿಯೇ ಅಜ್ಜಿಯ ಮಂಚದ ಕಡೆ ಹೋಯಿತು. ಮಡಚಿದ ಬಟ್ಟೆ ಹಾಗೇ ಇತ್ತು. ನೀವೇನಂದಿರಿ ಎಂದು ಕೇಳಿದೆ.

"ಇದ್ದೀನಿ ಅಂದೆ. ಇನ್ನೇನನ್ನಲಿ? ಒಂಬತ್ತು ತಿಂಗಳಾಗಿತ್ತು ಯಾರಾದ್ರೂ ಹಾಗೆ ಕೇಳಿ." ಅವರು ನನ್ನ ಮಣಿಕಟ್ಟಿನ ಮೇಲೆ ಬೆರಳಾಡಿಸಿದರು. "ಆಮೇಲೆ ನೀನು ಅಲ್ಪವಿರಾಮ ಅಂದೆ."

ನಾನು ಪೇಪರ್ ಓದುವಾಗ ಚಿಹ್ನೆಗಳನ್ನು ಹೇಳುವುದಿಲ್ಲ. ಹಾಗೆ ಓದುವವರಿದ್ದರು ಎಂದೇ ನನಗೆ ಗೊತ್ತಿರಲಿಲ್ಲ.

"ಅಕ್ಕ ಅಚ್ಚುಕೂಟದ ಮೆಟ್ಟಿಲು ಹತ್ತಿದವಳಲ್ಲ," ಎಂದರು. "ಅವಳ ಬಾಯಲ್ಲಿ ಆ ಪದ ಹೇಗೆ ಬಂತು ಅಂತ ನಿನ್ನೆಯಿಂದ ಯೋಚಿಸ್ತಿದ್ದೀನಿ. ಅಕ್ಕನೇ ಇರಬಹುದು. ಅಕ್ಕನ ಮಾತು ಕಲಿತ ಬೇರೆಯವರೂ ಇರಬಹುದು."

"ಮತ್ತೆ ಎಬ್ಬಿಸಲಿಲ್ವಾ ಚಿಕ್ಕಜ್ಜಿ ನನ್ನನ್ನ?"

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು.

"ಪಾಪ, ನಿದ್ದೆ ಮಾಡ್ಲಿ ಅಂತ ಬಿಟ್ಟೆ," ಎಂದರು. ಆಮೇಲೆ, ತಲೆ ಸವರುತ್ತಾ, "ನಾಳೆ ಊಟ ಆದ್ಮೇಲೆ ಓದ್ತೀಯಲ್ಲ, ಮಗೂ?"

ಹೂಂ ಎಂದೆ. ಅಂದವಳು ನಾನೇ ಎಂದುಕೊಂಡಿದ್ದೇನೆ.

ರಾತ್ರಿ ಅವರು ಮಲಗಿದ ಮೇಲೆ ಬಾಗಿಲ ಈಚೆ ನಿಂತು ಕಾದೆ. ಹೊದಿಕೆ ಎಳೆದುಕೊಂಡ ಸದ್ದು ಕೇಳಿತು. ಗೆಣ್ಣಿನ ಬಡಿತ ಬರಲಿಲ್ಲ. ತುಂಬ ಹೊತ್ತಾದ ಮೇಲೆ, ಖಾಲಿ ಮಂಚದ ಕಡೆ ಮುಖ ಮಾಡಿ ಆಡಿದ ಹಾಗೆ, ಮೆತ್ತಗೆ, ಒಂದೇ ಒಂದು ಪದ ಬಂತು.

"ಅಲ್ಪವಿರಾಮ,"